ಕುಕ್ಕೆ ಕಟ್ಟಿಕೊಂಡ ಕ್ಯಾಚರ್

ಕೆಲವರ ಹಣೆಯಲ್ಲಿ ಬ್ರಹ್ಮ ನಗೆಪಾಟಲು ಅಂತಲೇ ಬರೆದು ಕಳಿಸಿರ್ತಾನೆ. ಸುಮ್ಮನೆ ಕೂತಿದ್ದರೂ ಅದು ಹುಡುಕಿಕೊಂಡು ಬರುತ್ತೆ. ನಾನಂತೂ ಕೂತಿದ್ದೇ ಕುಕ್ಕರುಗಾಲಲ್ಲಿ.

೧. ತೈವಾನಿನ ಸಂಬಳ

ತೊಂಬತ್ತರ ಆಸುಪಾಸು. ಕೆ.ಜಿ.ಎಫ್. ಗಣಿಯಲ್ಲಿ ನಾನು ಟೆಂಪರರಿ. ಬೂದಿಕೋಟೆ ಕಡೆ ಒಂದು ಹುಡುಗಿ ನೋಡಿ ಬಂದಿದ್ದೆವು. ಹುಡುಗಿಯ ಅಪ್ಪನದು ಒಂದೇ ಮಾತು: "ಪರ್ಮನೆಂಟ್ ಆಗ್ಲಿ, ಆಮ್ಯಾಕೆ ಲಗ್ನ."

ಅದೇ ಹೊತ್ತಿಗೆ ನಮ್ಮ ಕ್ರೀಡಾ ಸಾಹೇಬರು ಎಲ್ಲೋ ಬೇಸ್‌ಬಾಲ್ ನೋಡಿ ಬಂದು ಟೀಮ್ ಕಟ್ಟಿದರು. ಬಂಗಾರಪೇಟೆಯವರನ್ನು ಸೋಲಿಸಿದರೆ ಟೀಮಿನ ಟೆಂಪರರಿಗಳೆಲ್ಲ ಪರ್ಮನೆಂಟ್ ಅಂದರು. ಎದ್ದುಬಿದ್ದು ಸೇರಿಕೊಂಡೆ. ನನ್ನನ್ನು ಕ್ಯಾಚರ್ ಮಾಡಿದರು. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಅವನು ಬಿಟ್ಟ ಬಾಲ್ ಹಿಡಿಯೋದು.

"ತೈವಾನ್ ದೇಶದಲ್ಲಿ ಇದಕ್ಕೇ ಸಂಬಳ ಕೊಡ್ತಾರೆ ಕಣಯ್ಯ" ಅಂದರು ಸಾಹೇಬರು.

ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿಗೆ ಹೋಗಿ ಅಮ್ಮನಿಗೆ ಹೇಳಿದೆ. "ಕುಕ್ಕರುಗಾಲಲ್ಲಿ ಕೂತ್ರೆ ಸಂಬ್ಳಾನಾ? ನಮ್ಮೂರ ಗಂಡಸ್ರು ದಿನಾ ಬೆಳಿಗ್ಗೆ ಕೆರೆ ಏರಿ ಹಿಂದೆ ಪುಕ್ಸಟ್ಟೆ ಕೂತ್ಕಂತವ್ರಲ್ಲೋ!"

೨. ಮುಖಕ್ಕೊಂದು ರಕ್ಷಣೆ

ಕ್ಯಾಚರ್ ಮುಖಕ್ಕೆ ಕಂಬಿಯ ಮುಖವಾಡ ಬೇಕು. ಸಾಹೇಬರು ಕೊಡಿಸಲಿಲ್ಲ. "ಗಣಿ ಕಾರ್ಮಿಕನಿಗೆ ಧೈರ್ಯವೇ ಕವಚ" ಅಂತ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಭಾಷಣ ಬಿಗಿದರು. ಧೈರ್ಯಕ್ಕೆ ಮೊದಲ ದಿನವೇ ಎರಡು ಹಲ್ಲು ಅಲ್ಲಾಡಿದವು. ಕೊನೆಗೆ ಅಪ್ಪ, ಪೈರಿಗೆ ಬಾಯಿ ಹಾಕದ ಹಾಗೆ ಎತ್ತಿನ ಮೂತಿಗೆ ಕಟ್ಟುವ ಕುಕ್ಕೆ ತಂದುಕೊಟ್ಟ. ಅದನ್ನೇ ಕಟ್ಟಿಕೊಂಡೆ.

ಭಾವೀ ಮಾವ ಒಂದು ದಿನ ಅಳಿಯನ ಆಟ ನೋಡಲು ಊರಿಗಾಂ ಮೈದಾನಕ್ಕೆ ಬಂದರು. ಬಹಳ ಹೊತ್ತು ನನ್ನನ್ನೇ ನೋಡಿ ಪಕ್ಕದವನನ್ನು ಕೇಳಿದರಂತೆ: "ಯಾಕಪ್ಪಾ, ಕುಕ್ಕೆ ಬಿಚ್ಚಿದ್ರೆ ಈವಯ್ಯ ಮೈದಾನದ ಉಲ್ಲು ಮೇಯ್ತಾನಾ?"

೩. ವಾಪಸ್ ಬೆಲ್

ನಮ್ಮ ಬಾಲ್ ಎಸೆಯುವವನು ಗಣಿಯ ವೈಂಡರ್. ಜನ ನಿಂತ ಕೇಜನ್ನು ಯಂತ್ರದಿಂದ ಪಾತಾಳಕ್ಕೆ ಇಳಿಸಿ, ಎತ್ತುವ ಕೆಲಸ. ನಮ್ಮ ಪೈಕಿಯವನೇ, ಪರ್ಮನೆಂಟು, ಮದುವೆಯಿಲ್ಲ. ಎತ್ತು, ಇಳಿಸು ಅಂತ ಗಣಿಯೊಳಗಿಂದ ಎಣಿಕೆಯ ಬೆಲ್ ಬರದೆ ಕೇಜ್ ಅಲ್ಲಾಡಿಸುವಂತಿಲ್ಲ. ಬಂದಷ್ಟೇ ಬೆಲ್ ವಾಪಸ್ ಕೊಟ್ಟು ಆಮೇಲೆ ಓಡಿಸಬೇಕು. ಇದು ಅವನ ರಕ್ತದಲ್ಲೇ ಇಳಿದಿತ್ತು.

ನಾನು ಕಾಲಸಂದಿಯಲ್ಲಿ ಕದ್ದು ಒಂದು ಬೆರಳು ತೋರಿಸಿದರೆ ನೇರ ಬಾಲ್, ಎರಡಾದರೆ ತಿರುಗುವ ಬಾಲ್. ಪಂದ್ಯದ ದಿನ ಎರಡು ತೋರಿಸಿದೆ. ಪುಣ್ಯಾತ್ಮ ಕೈಯೆತ್ತಿ, ಮೈದಾನಕ್ಕೆಲ್ಲ ಕಾಣುವ ಹಾಗೆ ಎರಡು ಬೆರಳು ವಾಪಸ್ ತೋರಿಸಿ, ಆಮೇಲೆ ಎಸೆದ. ಬರೋದು ಯಾವ ಬಾಲ್ ಅಂತ ಮೊದಲೇ ತಿಳಿದ ಬಂಗಾರಪೇಟೆಯವನು ಮನೆಯಲ್ಲಿ ಬಟ್ಟೆ ಒಗೆದಷ್ಟು ಆರಾಮಾಗಿ ಬಾರಿಸಿದ.

ಓಡಿಹೋಗಿ ಬೈದೆ. "ಯಾಕ್ಲಾ ವಾಪಸ್ ತೋರಿಸ್ತೀಯ?"

"ವಾಪಸ್ ಕೊಡ್ದೆ ಎಂಗಣ್ಣಾ ಓಡ್ಸೋದು?"

"ಸರಿ, ಇಬ್ರೂ ಎರಡು ತೋರ್ಸಾಣ. ನೀನು ಎಸೆಯೋದು ಮಾತ್ರ ನೇರ ಬಾಲು."

ಅವನು ಎರಡೂ ಕೈ ಅಡ್ಡ ಆಡಿಸಿದ. "ಬ್ಯಾಡ ಕಣಣ್ಣಾ. ಬೆಲ್ಲೊಂದು ಕೇಜೊಂದಾದ್ರೆ ಜನ ಸಾಯ್ತಾರೆ."

ಜನ ಸಾಯಲಿಲ್ಲ, ಟೀಮ್ ಸತ್ತಿತು. ಸಾಹೇಬರು ಬಂಗಾರಪೇಟೆಯವರ ಕಪ್ ಹಿಡಿದು ಫೋಟೋ ಹೊಡೆಸಿಕೊಂಡರು. ಪರ್ಮನೆಂಟ್ ಮಾತೆತ್ತಿದರೆ, "ಆಟ ಮುಖ್ಯ ಕಣಯ್ಯ, ಗೆಲುವಲ್ಲ" ಅಂದುಬಿಟ್ಟರು.

೪. ಮೂರು ಗಂಟು

ಪಂದ್ಯಕ್ಕೆ ಬಂದಿದ್ದ ಭಾವೀ ಮಾವ ಮರುವಾರ ಹೇಳಿ ಕಳಿಸಿದರು. "ಆ ಬಾಲ್ ಎಸೆಯೋನು ಸೋತ್ರೂ ಕಳ್ಳಾಟ ಆಡ್ಲಿಲ್ಲ. ಮ್ಯಾಲೆ ಪರ್ಮನೆಂಟು. ಉಡ್ಗಿ ಆವಯ್ಯನ್ಗೇ."

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದುಹೋಯಿತು. ಆದರೂ ಬಂಗಾರಪೇಟೆ ಛತ್ರದ ಮದುವೆಗೆ ಹೋದೆ. ಹುಡುಗಿಯಂತೂ ಹೋಯಿತು, ಹೋಳಿಗೆ ಯಾಕೆ ಬಿಡಲಿ?

ಮುಹೂರ್ತ ಬಂತು. ಗಟ್ಟಿಮೇಳ ಮೊಳಗಿತು. ತಾಳಿ ಹಿಡಿದ ಮದುಮಗ ನಿಂತವನು ನಿಂತೇ ಇದ್ದಾನೆ. ಪುರೋಹಿತರು "ಕಟ್ಟಪ್ಪಾ" ಅಂದರು. ಮಾವ "ಕಟ್ಟಯ್ಯೋ!" ಅಂತ ಕೂಗಿದರು. ಊಹೂಂ. ಅಕ್ಷತೆ ಹಿಡಿದ ಜನರ ನಡುವೆ ಕಣ್ಣಾಡಿಸಿ, ನನ್ನನ್ನು ಹುಡುಕಿ, ನನ್ನ ಕೈಯನ್ನೇ ನೋಡುತ್ತಿದ್ದಾನೆ.

ಮುಹೂರ್ತ ಮೀರುತ್ತಿತ್ತು. ವಿಧಿಯಿಲ್ಲದೆ ಮೂರು ಬೆರಳು ತೋರಿಸಿದೆ. ಅವನೂ ಕೈಯೆತ್ತಿ, ಛತ್ರಕ್ಕೆಲ್ಲ ಕಾಣುವ ಹಾಗೆ ಮೂರು ಬೆರಳು ವಾಪಸ್ ತೋರಿಸಿ, ಆಮೇಲೆ ನಾನು ನೋಡಿ ಬಂದಿದ್ದ ಹುಡುಗಿಯ ಕುತ್ತಿಗೆಗೆ ಮೂರು ಗಂಟು ಹಾಕಿದ.