ನನ್ನ ಮಗಳನ್ನು ಕದ್ದವರು ಯಾರು?

ವೆಂಡೆಲ್: ಕಳ್ಳತನ ಅಂದ್ರೆ ಕಳ್ಳತನಾನೇ, ಲೊರೇನ್! ನಾನು ಪೊಲೀಸರಿಗೆ ಫೋನ್ ಮಾಡೋನೇ.

ಲೊರೇನ್: ಮಾಡು. ಏನಂತ ಹೇಳ್ತೀಯ? ಕಂಪ್ಯೂಟರ್ ಬೈತು ಅಂತಾನಾ?

ವೆಂಡೆಲ್: ತಮಾಷೆ ಬೇಡ. ನಮ್ಮ ತೆರಿಗೆ ಫಾರಮ್ಮು ಎರಡು ಸಲ ಕಳಿಸಿದೆ, ಎರಡು ಸಲಾನೂ ವಾಪಸ್ ಬಂತು. ಟೆಸ್ಸಳ ಗುರುತಿನ ನಂಬರು ಆಗ್ಲೇ ಇನ್ನೊಂದು ಫಾರಮ್ಮಲ್ಲಿ ಇದೆಯಂತೆ. ಯಾವನೋ ನನ್ನ ಮಗಳನ್ನ ತನ್ನ ಅವಲಂಬಿತೆ ಅಂತ ಬರ್ಕೊಂಡುಬಿಟ್ಟಿದ್ದಾನೆ ಕಣೇ!

ಲೊರೇನ್: ಒಳ್ಳೇದೇ ಆಯ್ತು. ಅವಳ ಫೋನ್ ಬಿಲ್ಲೂ ಅವನೇ ಕಟ್ಲಿ.

ಅಮೆರಿಕದ ಡುಬ್ಯೂಕ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವ ವೆಂಡೆಲ್, ತೆರಿಗೆ ಲೆಕ್ಕ ಕೊಡುವ ಏಪ್ರಿಲ್ ಬಂತೆಂದರೆ ಅಡುಗೆಮನೆಯ ಮೇಜಿನ ಮುಂದೆ ಗೊಣಗುತ್ತಾ ಕೂರುವವನೇ. ಆದರೆ ಮಗಳ ಹೆಸರು ತುಂಬುವ ಸಾಲು ಬಂದಾಗ ಮಾತ್ರ ಅವನ ಮುಖ ಅರಳುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡು ತುಂಬುತ್ತಿದ್ದ. ಈ ಸಲ ಅದೇ ಸಾಲು ಕೈಕೊಟ್ಟಿತ್ತು. ಅಷ್ಟರಲ್ಲಿ, ವಾರದ ರಜೆಗೆಂದು ಕಾಲೇಜಿನಿಂದ ಬಂದಿದ್ದ ಟೆಸ್, ಕೊಳೆಬಟ್ಟೆಯ ಚೀಲ ಎಳೆದುಕೊಂಡು ಆಕಳಿಸುತ್ತಾ ಒಳಬಂದಳು.

ಟೆಸ್: ಏನಪ್ಪಾ ಇದು, ಬೆಳ್‌ಬೆಳಗ್ಗೆ ಕೂಗಾಟ?

ಲೊರೇನ್: ಹನ್ನೊಂದು ಗಂಟೆ ಆಯ್ತು ಕಣೇ.

ವೆಂಡೆಲ್: ಹೆದರ್ಬೇಡ ಮಗಳೇ, ನಾನಿದ್ದೀನಿ. ನಿನ್ನನ್ನ ಯಾರೋ ಕದ್ದಿದ್ದಾರೆ.

ಟೆಸ್: ಹಾಂ? (ಕಂಪ್ಯೂಟರ್ ಪರದೆ ಇಣುಕಿ ನೋಡಿ) ಓ, ತೆರಿಗೆನಾ? ಅದು ನಾನೇ.

ವೆಂಡೆಲ್: ನಾನೇ ಅಂದ್ರೆ?

ಟೆಸ್: ಐಸ್‌ಕ್ರೀಮ್ ಅಂಗಡಿ ಸಂಬಳದಲ್ಲಿ ತೆರಿಗೆ ಹಿಡ್ಕೊಂಡಿದ್ರಲ್ಲ, ವಾಪಸ್ ಬರ್ಲಿ ಅಂತ ಫೆಬ್ರವರಿಲೇ ಕಳಿಸಿದೆ. ಬಸ್‌ಸ್ಟಾಪಲ್ಲಿ ನಿಂತ್ಕೊಂಡು, ಫೋನಲ್ಲೇ. ಆರೇ ನಿಮಿಷ.

ವೆಂಡೆಲ್: ನಿಮ್ಮನ್ನ ಬೇರೆ ಯಾರಾದ್ರೂ ಅವಲಂಬಿತರು ಅಂತ ತೋರಿಸಬಹುದಾ ಅಂತ ಕೇಳಿರ್ಬೇಕಲ್ಲ?

ಟೆಸ್: ಕೇಳ್ತು. 'ಇಲ್ಲ' ಒತ್ತಿದೆ.

ವೆಂಡೆಲ್: ಇಲ್ವಾ! ಗುಂಡುಕಲ್ಲಿನ ಹಾಗೆ ಅಪ್ಪ ಬದುಕಿದ್ದೀನಿ, ಇಲ್ಲ ಅಂತ ಒತ್ತಿದ್ಯಾ?

ಲೊರೇನ್: ಕಲ್ಲಿನ ವಿಚಾರ ಫಾರಮ್ಮಲ್ಲಿ ಕೇಳಿರಲ್ಲ ಬಿಡು.

ಟೆಸ್: ಹಾಸ್ಟೆಲಲ್ಲಿದ್ದೀನಿ, ದುಡೀತಿದ್ದೀನಿ. ನಾನು ಹೇಗಪ್ಪಾ ಅವಲಂಬಿತೆ?

ವೆಂಡೆಲ್: ಓದೋಕೆ ಅಂತ ಹೋದೋರು ಮನೆ ಬಿಟ್ಟ ಹಾಗಲ್ಲ! ಸರ್ಕಾರದ ಪ್ರಕಾರ ನೀನಿರೋದು ಈ ಮನೇಲೇ. ಹಾಸ್ಟೆಲ್ ಬಾಡಿಗೆ ಯಾರು ಕಟ್ಟೋದು? ಊಟಕ್ಕೆ? ಕಾರಿನ ವಿಮೆಗೆ?

ಟೆಸ್: ನೀನೇ. ಆದ್ರೆ ಹೇಳಿದೋನೂ ನೀನೇ.

ವೆಂಡೆಲ್: ನಾನೇನಂದೆ?

ಟೆಸ್: ಆಗಸ್ಟಲ್ಲಿ, ಹಾಸ್ಟೆಲ್ ಬಾಗಿಲಲ್ಲಿ. ಫ್ರಿಜ್ ಇಳಿಸಿಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು ಅಂದೆ: 'ಟೆಸ್, ಇವತ್ತಿಂದ ನೀನು ಸ್ವತಂತ್ರಳು. ನೀನು ಯಾರ ಅವಲಂಬಿತೆಯೂ ಅಲ್ಲ. ಇದನ್ನ ಎಂದೂ ಮರೀಬೇಡ.' ಮರೀಲಿಲ್ಲ.

ವೆಂಡೆಲ್: ಅದು ಭಾಷಣ ಕಣೇ! ಎಲ್ಲಾ ಅಪ್ಪಂದಿರೂ ಮಾಡ್ತಾರೆ. ಪಕ್ಕದ ರೂಮಿನ ಹುಡುಗಿ ಅಪ್ಪ ನನಗಿಂತ ಉದ್ದ ಮಾಡ್ದ. ಅದನ್ನ ಯಾರಾದ್ರೂ ಫಾರಮ್ಮಲ್ಲಿ ತುಂಬ್ತಾರಾ?

ಲೊರೇನ್ ನಗು ತಡೆಯಲಾರದೆ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡಳು. ವೆಂಡೆಲ್ ಎದ್ದು ಸಿಂಕಿನ ಕಡೆ ತಿರುಗಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದ. ಮಗಳ ಹೆಸರಿನಲ್ಲಿ ಸಿಗಬೇಕಾಗಿದ್ದ ಐನೂರು ಡಾಲರ್ ತೆರಿಗೆ ರಿಯಾಯಿತಿ ಹಾಳಾಗಿ ಹೋಗಲಿ. ನಿನಗೆ ಯಾರಾದರೂ ಇದ್ದಾರಾ ಅಂತ ಸರ್ಕಾರ ಕೇಳಿದರೆ, ಮಗಳು ಬಸ್‌ಸ್ಟಾಪಿನಲ್ಲಿ ನಿಂತು ಇಲ್ಲ ಅಂದಿದ್ದಾಳೆ. ವೆಂಡೆಲ್‌ನ ಮೂಗು ಸುರ್ ಅಂದದ್ದು ನಲ್ಲಿಯ ಸದ್ದಿನಲ್ಲೂ ಕೇಳಿಸಿತು.

ಟೆಸ್: ಅಯ್ಯೋ, ಅಪ್ಪಾ! ತಿದ್ತೀನಿ ಬಿಡು. ಅದಕ್ಕೂ ಒಂದು ಫಾರಮ್ಮಿದೆ. ಇಗೋ, 'ಹೌದು' ಒತ್ತಿದೆ. ಯಾಕೆ ಬದಲಾಯಿಸ್ತಿದ್ದೀರಿ, ಕಾರಣ ಬರೀರಿ ಅಂತಿದೆ.

ವೆಂಡೆಲ್: (ಗಂಟಲು ಸರಿಮಾಡಿಕೊಂಡು) 'ಕಣ್ತಪ್ಪಿನಿಂದಾದ ದೋಷ' ಅಂತ ಬರಿ.

ಟೆಸ್: ಬರ್ದಾಯ್ತು. 'ಅಪ್ಪ ಅತ್ತುಬಿಟ್ಟರು.'

ವೆಂಡೆಲ್: ಯಾರೇ ಅತ್ತಿದ್ದು? ಅಳಿಸು ಅದನ್ನ! ಲೊರೇನ್, ನೀನಾದ್ರೂ ಹೇಳು!

ಲೊರೇನ್: ಹಾಗೇ ಇರ್ಲಿ ಕಣೇ ಟೆಸ್. ಸರ್ಕಾರಕ್ಕೆ ಸುಳ್ಳು ಬರ್ದ್ರೆ ಜೈಲು.