ಗ್ಯಾಸ್ ಪಂಪಿನ ಅಧಿಕೃತ ಸಾಕ್ಷಿ

ಕಾರವಾರ–ಅಂಕೋಲಾ ಹೆದ್ದಾರಿಯ ಸಿಎನ್‌ಜಿ ಪಂಪಿನಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಪಾವತಿ ವ್ಯವಸ್ಥೆಯನ್ನು ಸುಧಾರಿಸಲಾಗಿದೆ. ನಗದು ಸ್ವೀಕರಿಸುವುದಿಲ್ಲ; ಮೊಬೈಲಿನಿಂದಲೇ ಪಾವತಿಸತಕ್ಕದ್ದು. ಪಕ್ಕದಲ್ಲೇ ಇನ್ನೊಂದು ಫಲಕ: ಸುರಕ್ಷತೆಯ ದೃಷ್ಟಿಯಿಂದ ಆವರಣದೊಳಗೆ ಮೊಬೈಲ್ ತರತಕ್ಕದ್ದಲ್ಲ. ಎರಡಕ್ಕೂ ಸಹಿ ಮ್ಯಾನೇಜರ್ ರಾಮನಾಥರದ್ದೇ.

ಜಟ್ಟಪ್ಪನ ರಿಕ್ಷಾ ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟಿದಾಗ ಒಂಬತ್ತೂವರೆ. ಹಿಂದಿನ ಸೀಟಿನಲ್ಲಿ ಹೆಂಡತಿ ಸುಮಿತಾ, ಮಡಿಲಲ್ಲಿ ಸರ್ಟಿಫಿಕೇಟಿನ ಫೈಲು. ಹನ್ನೊಂದಕ್ಕೆ ಕಾರವಾರದ ಒಂದು ಸಹಕಾರಿ ಸಂಘದಲ್ಲಿ ಸಂದರ್ಶನ. ಏಳು ವರ್ಷ ಅರ್ಜಿ ಹಾಕಿ ಹಾಕಿ ಬಂದ ಮೊದಲ ಕರೆ ಅದು. ಅವಳಿಗಿಂತ ಹೆಚ್ಚು ಹೆದರಿದ್ದವನು ಜಟ್ಟಪ್ಪ.

ನಿಯಮದಂತೆ ಸುಮಿತಾ ಗೇಟಿನ ಹೊರಗೆ ಇಳಿದಳು. ಜಟ್ಟಪ್ಪ ಗೇಟಿನ ಕಂಬಕ್ಕೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು ಮುನ್ನೂರು ಕಳಿಸಿದ. ಕಂಬದ ಮೇಲಿನ ಪೆಟ್ಟಿಗೆ ‘ಮುನ್ನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಊರಿಗೆಲ್ಲ ಕೇಳುವಂತೆ ಕೂಗಿತು. ಮೊಬೈಲನ್ನು ಹೆಂಡತಿಯ ಕೈಗಿಟ್ಟು ಅವನು ಒಳಗೆ ಬಂದ.

"ಹಣ ಬಂದದ್ದು ಕೇಳ್ತು," ಎಂದ ಗ್ಯಾಸ್ ತುಂಬುವ ರೋಷನ. "ಯಾರ ಹಣ ಅಂತ ಪೆಟ್ಟಿಗೆ ಹೇಳೂದಿಲ್ಲ. ಸಾಕ್ಷಿ ಬೇಕು."

"ನನ್ನ ಹೆಂಡ್ತಿ ನೋಡಿದಾಳಲ್ಲ ಮಾರಾಯಾ."

"ಸಂಬಂಧಿಕರ ಸಾಕ್ಷಿ ನಡೆಯೂದಿಲ್ಲ. ಗ್ಯಾಸ್ ತುಂಬಿಸೂಕೆ ಬಂದವರದ್ದೂ ನಡೆಯೂದಿಲ್ಲ. ಒಬ್ಬರಿಗೊಬ್ಬರು ಹೇಳ್ಕೊಂಡ್ರೆ?"

ನ್ಯಾಯವಾದ ಮಾತೇ. ಹಿಂದೆ ಹನ್ನೊಂದು ರಿಕ್ಷಾ ನಿಂತಿದ್ದವು, ಒಂದರಲ್ಲೂ ಪ್ರಯಾಣಿಕರಿಲ್ಲ. ಗ್ಯಾಸ್ ತುಂಬಿಸಲೆಂದು ಬಂದಿರದವಳು, ಆ ಹನ್ನೊಂದು ಮಂದಿಗೆ ಏನೇನೂ ಆಗಬೇಕಾಗಿಲ್ಲದವಳು ಆ ಜಾಗದಲ್ಲಿ ಒಬ್ಬಳೇ ಇದ್ದಳು.

"ಅಕ್ಕಾ, ಒಂದ್ ಮಾತು ಹೇಳ್ಬಿಡೇ," ಎಂದು ಜಟ್ಟಪ್ಪನ ಹಿಂದಿದ್ದ ತಿಮ್ಮು ಅಂಗಲಾಚಿದ. ಸುಮಿತಾ ಕರುಣೆಯ ಹೆಂಗಸು. ಹೇಳಿದಳು. ತಿಮ್ಮುವಿಗೆ ಗ್ಯಾಸ್ ಸಿಕ್ಕಿತು. ಉಪಕಾರ ಮರೆಯದ ಅವನು, "ರಿಕ್ಷಾ ಹತ್ತು, ಕಾರವಾರಕ್ಕೆ ನಾ ಬಿಡ್ತೆ," ಎಂದ.

ರೋಷನ ತಡೆದ. ಸಾಕ್ಷಿ ಹೇಳಿಸಿಕೊಂಡವನ ಗಾಡಿಯಲ್ಲಿ ಸಾಕ್ಷಿ ಕೂತರೆ ಅದು ಲಂಚ. ಬಸ್ಸು ಅಲ್ಲಿ ನಿಲ್ಲುವುದಿಲ್ಲ.

ಹನ್ನೊಂದನೆಯವನಿಗೆ ಸಾಕ್ಷಿ ಹೇಳಿ ಮುಗಿಸುವಾಗ ಗಂಟೆ ಹನ್ನೊಂದೂ ಕಾಲು. ಸುಮಿತಾ ಫೈಲನ್ನು ಎದೆಗವಚಿಕೊಂಡು ಕಂಬಕ್ಕೆ ಒರಗಿದಳು. ಕಣ್ಣು ತುಂಬಿ ಬಂತು. ಯಾರನ್ನು ಬೈಯಬೇಕೆಂದು ಜಟ್ಟಪ್ಪ ಹುಡುಕಿದ, ನಿಯಮ ತಪ್ಪಿದವರು ಯಾರೂ ಕಾಣಲಿಲ್ಲ.

ಅಷ್ಟರಲ್ಲಿ ರಾಮನಾಥರು ಕ್ಯಾಬಿನ್ನಿನಿಂದ ಹೊರಬಂದರು. ಒಂದೇ ಬೆಳಿಗ್ಗೆ ಹನ್ನೊಂದು ಯಶಸ್ವೀ ಪಾವತಿ! ಆ ವಾರವಿಡೀ ಸೇರಿಸಿದರೂ ಅಷ್ಟಾಗಿರಲಿಲ್ಲ. ಫೈಲನ್ನು ಅಲ್ಲೇ ಬಿಡಿಸಿ ನೋಡಿ, ಸುಮಿತಾಳನ್ನು ಪಂಪಿನ ಅಧಿಕೃತ ಪಾವತಿ ಸಾಕ್ಷಿಯಾಗಿ ನೇಮಿಸಿದರು. ತಿಂಗಳ ಪಗಾರ, ನೀಲಿ ಕೋಟು, ಕೂರಲು ಕುರ್ಚಿ, ಎಲ್ಲರಿಂದ ‘ಬಾಯೋರೆ’ ಎಂಬ ಮರ್ಯಾದೆಯ ಕರೆ. ಇನ್ನು ಮುಂದೆ ಅವಳ ಸಾಕ್ಷ್ಯ ಮಾತ್ರ ಸಿಂಧು.

"ನನ್ನ ಗ್ಯಾಸು, ಸಾಹೇಬ್ರೆ?" ಎಂದ ಜಟ್ಟಪ್ಪ.

ರಾಮನಾಥರು ಗಂಭೀರವಾಗಿ ಯೋಚಿಸಿದರು. "ಅವರು ನಿಮ್ಮ ಹೆಂಡತಿ. ಅದೇ ಅಡಚಣೆ."

ಅಡಚಣೆಗೆ ಮೂರನೆಯ ದಿನ ಪರಿಹಾರ ಸಿಕ್ಕಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ, ಮಧ್ಯಾಹ್ನದ ಊಟದ ಅರ್ಧ ತಾಸು ಹೊರತುಪಡಿಸಿ, ತಾವು ಗಂಡ-ಹೆಂಡಿರಲ್ಲವೆಂದು ಇಬ್ಬರೂ ಮುಚ್ಚಳಿಕೆ ಬರೆದುಕೊಡತಕ್ಕದ್ದು. ಜಟ್ಟಪ್ಪ ರಾತ್ರಿ ಊಟ ಬಿಟ್ಟು ಕೂತ. ಸುಮಿತಾ, "ಸುಮ್ಮನೆ ಉಣ್ಣು. ಏಳು ವರ್ಷ ಆದ್ಮೇಲೆ ಸಿಕ್ಕ ಕೆಲಸ," ಎಂದು ಮೊದಲ ಸಹಿ ಹಾಕಿದಳು. ಅವನೂ ಹಾಕಿದ.

ಮರುದಿನ ಗ್ಯಾಸಿಲ್ಲದ ತನ್ನ ರಿಕ್ಷಾವನ್ನು ತಿಮ್ಮುವಿನ ರಿಕ್ಷಾಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಪಂಪಿಗೆ ಬಂದು ಜಟ್ಟಪ್ಪ ಮತ್ತೊಮ್ಮೆ ಪಾವತಿಸಿದ. ನೀಲಿ ಕೋಟಿನ ಸುಮಿತಾ ಎದ್ದು ನಿಂತು, ಅವನ ಮುಖ ನೋಡಿ, ರೋಷನನಿಗೆ ಕೇಳುವಂತೆ ಹೇಳಿದಳು: "ಇವರು ಪಾವತಿ ಮಾಡಿದ್ದನ್ನು ನಾನು ನೋಡಿದ್ದೇನೆ. ಇವರು ನನಗೆ ಯಾರೂ ಅಲ್ಲ."

ಗ್ಯಾಸ್ ತುಂಬತೊಡಗಿತು. ಜಟ್ಟಪ್ಪ ಎರಡೂ ಕೈ ಜೋಡಿಸಿ, "ಉಪಕಾರ ಆಯ್ತು, ಬಾಯೋರೆ," ಎಂದ.