ಎರಡು ಡಬ್ಬಿಗೂ ಒಂದೇ ವಿಭೂತಿ

ಹಾವು ಕಂಡು ಹೌಹಾರುವವರಿದ್ದಾರೆ, ಡಾಕ್ಟರ ಮುಖ ಕಂಡು ಎದೆ ಒಡೆದುಕೊಳ್ಳುವವರಿದ್ದಾರೆ. ನಾನು ವಿಭೂತಿ ಕಂಡು ಹೌಹಾರಿದವನು. ಹಾಗಂತ ನಾನೇನು ದೈವದ್ರೋಹಿಯಲ್ಲ. ದಿನಾ ಸ್ನಾನ ಮುಗಿಸಿ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಳ್ಳದಿದ್ದರೆ ನನಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ಈ ಸಲ ಆಯುಧ ಪೂಜೆಯ ದಿನ ನನ್ನ ಮನೆಯ ಪಡಸಾಲೆಯಲ್ಲೇ ಅದೇ ಮೂರು ಗೆರೆ ಕಂಡು ನನ್ನ ಕೈಕಾಲು ತಣ್ಣಗಾದವು. ಕೇಳಿದವರೆಲ್ಲ ನಕ್ಕಿದ್ದಾರೆ. ನೀವೂ ನಗಿರಿ, ನನ್ನದೇನೂ ಅಡ್ಡಿಯಿಲ್ಲ, ಆದರೆ ಪೂರ್ತಿ ಕೇಳಿದ ಮೇಲೆ ನಗಿರಿ.

ನಾನು ಕೊಟ್ಟೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ಹಾಡು ಕೇಳುವುದು ನನ್ನ ಹುಚ್ಚು. ಹಾಡು ಎಂದರೆ ಹಾಡಷ್ಟೇ ಅಲ್ಲ, ಹಾಡಿನ ಹಿಂದೆ ತಬಲಾದವನು ಎಲ್ಲಿ ಕೂತಿದ್ದಾನೆ, ಹಾಡುವವಳು ಎಲ್ಲಿ ಉಸಿರು ತೆಗೆದುಕೊಂಡಳು ಎನ್ನುವುದೆಲ್ಲ ನನಗೆ ಕೇಳಬೇಕು. ಇದಕ್ಕೆಂದೇ ನಾನು ಕೊಂಡದ್ದು ಡ್ಯಾಕ್ ಎಂಬ ಅಂಗೈಯಗಲದ ಕರಿ ಡಬ್ಬಿ. ನಿಮ್ಮ ಫೋನಿನಲ್ಲಿರುವುದು ಅಸಲಿಗೆ ಹಾಡೇ ಅಲ್ಲ, ಬರೀ ಅಂಕಿಗಳ ರಾಶಿ. ಅದನ್ನು ನಾದವನ್ನಾಗಿ ಮಾಡಿ ಸ್ಪೀಕರಿಗೆ ಕಳಿಸುವುದು ಈ ಡಬ್ಬಿ. ಅಂಕಿ ಮಂಡಕ್ಕಿಯಾದರೆ ಡ್ಯಾಕ್ ಒಗ್ಗರಣೆ. ಒಗ್ಗರಣೆ ಬೀಳುವ ತನಕ ಬರೀ ಮಂಡಕ್ಕಿಯನ್ನು ನಮ್ಮೂರಲ್ಲಿ ಯಾರೂ ತಿಂಡಿ ಎಂದು ಒಪ್ಪುವುದಿಲ್ಲ. ನನ್ನ ಹೆಂಡತಿ ಕೊಟ್ರಮ್ಮನಿಗೆ ಈ ಹೋಲಿಕೆ ಹೇಳಿದಾಗ ಅವಳು, ಹಾಗಾದರೆ ಇಷ್ಟು ವರ್ಷ ಮನೆಯಲ್ಲಿ ಕೇಳಿದ್ದೆಲ್ಲ ಒಣ ಮಂಡಕ್ಕಿಯೇ ಎಂದು ಕೇಳಿ ಒಳಗೆ ಹೋದಳು.

ಇಂಥದ್ದೇ ಇನ್ನೊಂದು ಡಬ್ಬಿ ಇರುವುದು ಹರಪನಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಖಾಜಾನ ಹತ್ತಿರ. ಒಂದೇ ಬೆಂಚಿನ ಮೇಲೆ ಕೂತು ಓದಿದವರು ನಾವು. ಅವನಿಗೆ ಕವ್ವಾಲಿಯ ಹುಚ್ಚು, ನನಗೆ ಹಳೆಯ ನಾಟಕದ ಹಾಡುಗಳ ಹುಚ್ಚು, ಹುಚ್ಚಿನಲ್ಲಿ ಭೇದವಿಲ್ಲ. ಅವನ ಮಗಳು ಶಬಾನಾ ದಾವಣಗೆರೆಯಲ್ಲಿ ನರ್ಸ್ ಆಗಿದ್ದಾಳೆ. ಮೊದಲ ಪಗಾರ ಕೈಗೆ ಬಂದಾಗ ಅಪ್ಪನಿಗೆಂದು ತರಿಸಿಕೊಟ್ಟಿದ್ದು ಈ ಡಬ್ಬಿ. ಬಂದ ದಿನ ಖಾಜಾ ಸಂಭ್ರಮದಿಂದ ಡ್ಯಾಕ್ ಬಂತು ಎಂದು ಕೂಗಿದ್ದನ್ನು ಕೇಳಿ ಅವನ ತಾಯಿ, ಅವರ ಉರ್ದು ಮಾತಿನಲ್ಲಿ ಡಾಕ್ ಎಂದರೆ ಟಪಾಲಲ್ಲವೇ, ಯಾರ ಕಾಗದ, ಎಲ್ಲರೂ ಆರಾಮವೇ ಎಂದು ಕೇಳಿದರಂತೆ. ಆ ಡಬ್ಬಿಯನ್ನು ಖಾಜಾ ತನ್ನ ಎಣ್ಣೆಗೈಯಲ್ಲಿ ಎಂದೂ ಮುಟ್ಟಿದವನಲ್ಲ. ಸೋಪು ಹಚ್ಚಿ ಕೈ ತೊಳೆದೇ ಮುಟ್ಟುತ್ತಿದ್ದ.

ಎಲ್ಲ ನೆಟ್ಟಗಿತ್ತು, ನಾನು ಇಂಟರ್ನೆಟ್ಟಿನಲ್ಲಿ ಓದುವ ತನಕ. ಕಂಪನಿಯವರು ಹೊರಗಿನ ಡಬ್ಬಿಯನ್ನು ಹಾಗೇ ಬಿಟ್ಟು ಒಳಗಿನ ಬೋರ್ಡನ್ನು ಮಾತ್ರ ಬದಲಿಸಿದ್ದಾರಂತೆ. ಹಳೆಯದು ರಿವಿಜನ್ ಎ, ಹೊಸದು ರಿವಿಜನ್ ಬಿ. ಎ ಮೃದುವಂತೆ, ಬಿ ಗಡಸಂತೆ. ಈ ವಿಷಯಕ್ಕೆ ಜಗತ್ತಿನ ಜನರೆಲ್ಲ ಜುಟ್ಟು ಹಿಡಿದುಕೊಂಡು ಬಡಿದಾಡುತ್ತಿದ್ದರು. ಓದುವ ಮೊದಲು ನನ್ನ ಕಿವಿಗೆ ಏನೂ ಗೊತ್ತಿರಲಿಲ್ಲ, ಓದಿದ ಸಂಜೆಯೇ ಎಲ್ಲ ಗೊತ್ತಾಗತೊಡಗಿತು. ನಾನು ಮೊದಲು ಕೊಂಡವನು, ಹಾಗಾಗಿ ನನ್ನದು ಎ. ಖಾಜಾನದು ಆಮೇಲೆ ಬಂದದ್ದು, ಹಾಗಾಗಿ ಬಿ. ಮೊದಲು ಹುಟ್ಟಿದವನು ಅಣ್ಣ, ಆಮೇಲೆ ಹುಟ್ಟಿದವನು ತಮ್ಮ. ಇದರಲ್ಲಿ ಅನುಮಾನ ಪಡುವುದೇನಿದೆ? ಖಾಜಾನಿಗೆ ಫೋನು ಮಾಡಿ, ನಿನ್ನದು ಬಹಳ ಗಡಸಪ್ಪ ಎಂದೆ. ಅವನಿಗೆ ಮೈಯೆಲ್ಲ ಉರಿಯಿತು. ನಿನ್ನದು ಮೃದುವಲ್ಲ, ಮಂಕು ಎಂದ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ ತೀರ್ಮಾನಿಸೋಣ ಎಂದು ದಸರೆಯ ವಾರ ತನ್ನದನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನನ್ನ ವಶಕ್ಕೆ ಕೊಟ್ಟು ಹೋದ.

ಎರಡೂ ಅವಳಿಜವಳಿ. ಹೊರಗೆ ನಂಬರಿಲ್ಲ, ಗುರುತಿಲ್ಲ. ರಿವಿಜನ್ ಯಾವುದೆಂದು ಒಳಗಿನ ಬೋರ್ಡಿನ ಮೇಲೆ ಮಾತ್ರ ಅಚ್ಚಾಗಿರುತ್ತದೆ, ಬಿಚ್ಚೋಣವೆಂದರೆ ತಿರುಪಿನ ಮೇಲೊಂದು ಬಿಳಿ ಚೀಟಿ: ಇದು ಹರಿದರೆ ಗ್ಯಾರಂಟಿ ಹೋಯಿತು. ಅದಕ್ಕೆ ನಾನು ಬಹಳ ಜಾಣತನ ಮಾಡಿ ನನ್ನ ಡಬ್ಬಿಗೆ ಮೂರು ಗೆರೆ ವಿಭೂತಿ ಎಳೆದೆ. ಖಾಜಾನದು ಬರಿಹಣೆ. ಇದಕ್ಕಿಂತ ಖಚಿತವಾದ ಗುರುತು ಬೇರೆ ಉಂಟೇ ಎಂದುಕೊಂಡೆ. ಮುಂದಿನ ದಿನಗಳಲ್ಲಿ ಕಣ್ಣು ಮುಚ್ಚಿ ಒಂದಾದ ಮೇಲೊಂದು ಕೇಳಿದ್ದೇ ಕೇಳಿದ್ದು. ಬಿಯಲ್ಲಿ ತಬಲಾದವನು ಒಂದು ಹೆಜ್ಜೆ ಮುಂದೆ ಬಂದು ಕೂತಿದ್ದಾನೆ ಎಂದು ಕೊಟ್ರಮ್ಮನಿಗೆ ಹೇಳಿದರೆ, ಹಾಗಾದರೆ ಅವನಿಗೂ ಒಂದು ಚಾಪೆ ಹಾಸಲೇ ಎಂದಳು.

ಆಯುಧ ಪೂಜೆ ಎಂದರೆ ನಮ್ಮ ಮನೆಯಲ್ಲಿ ಆಯುಧ ಒಂದು ಬಿಟ್ಟು ಉಳಿದ ಎಲ್ಲಕ್ಕೂ ಪೂಜೆ. ಮಿಕ್ಸಿ, ಕುಕ್ಕರು, ಸ್ಕೂಟರು, ಬಿಪಿ ನೋಡುವ ಮಿಷನ್ನು, ಟೀವಿಯ ರಿಮೋಟು. ಹಿಂದೊಮ್ಮೆ ಲ್ಯಾಪ್‌ಟಾಪಿಗೆ ನಿಂಬೆಹಣ್ಣು ನಿವಾಳಿಸಿ ಅದರ ಮೇಲೆಯೇ ಹಿಂಡಿದ್ದರಿಂದ ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಒಂದು ಕೀ ಕೆಟ್ಟು ಆ ಅಕ್ಷರ ಎಲ್ಲೂ ಬೀಳದೆ ಮಕ್ಕಳು ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರ ಬರೆದಿದ್ದರು. ಇಷ್ಟು ಗೊತ್ತಿದ್ದೂ ನಾನು ಆವತ್ತು ಮಾವಿನ ಸೊಪ್ಪು ತರಲು ಹೊರಗೆ ಹೋದೆ. ಬಂದು ನೋಡಿದರೆ ಪಡಸಾಲೆಯ ಮೇಜಿನ ಮೇಲೆ ಎರಡು ಕರಿ ಡಬ್ಬಿ, ಎರಡಕ್ಕೂ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಹಡಗಲಿ ಮಲ್ಲಿಗೆ. ಮಾವಿನ ಸೊಪ್ಪು ಕೈಯಿಂದ ಜಾರಿತು. ಕೊಟ್ರಮ್ಮ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸ್ವಚ್ಛವಾಗಿ ಒರೆಸಿ, ಹೊಸದಾಗಿ ಹಚ್ಚಿದ್ದಾಳೆ. ಯಾವುದು ಯಾವುದು ಎಂದು ಕೇಳಿದರೆ ಅವಳಿಗೇನು ಗೊತ್ತು? ನಾನು ತಲೆ ಮೇಲೆ ಕೈಹೊತ್ತು ಕೂತದ್ದು ಕಂಡು ಅವಳಿಗೇ ಬೇಜಾರಾಯಿತು.

"ನಮ್ಮದಕ್ಕ ಹಚ್ಚಿ, ಮಂದಿದು ಬರೀ ಹಣಿ ಇಡಾಕ ಆಗತೈತೇನ್ರಿ? ನಾಳೆ ಖಾಜಣ್ಣ ಬಂದು ನೋಡಿದ್ರ ಏನ್ ತಿಳ್ಕೊಂತಾನ?" ಎಂದಳು.

ಮರುದಿನ ಖಾಜಾ ಬನ್ನಿ ಕೊಡಲು ಬಂದವನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎರಡನ್ನೂ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ನೋಡುತ್ತ ನೋಡುತ್ತ ಅವನ ನಗು ಬತ್ತಿತು.

"ಲೇ ಮಾಸ್ತರ, ರಿವಿಜನ್ ಸುಟ್ಟು ಹಾಳಾಗಿ ಹೋಗ್ಲಿ. ನನ್ ಮಗಳು ಕೊಟ್ಟಿದ್ದು ಯಾವುದು? ಯಾವುದೋ ಒಂದು ಒಯ್ದು ಇದ ನೀ ಕೊಟ್ಟಿದ್ದು ಅಂತ ಅಕಿ ಮುಂದ ಹೆಂಗ್ ಇಡ್ಲಿ?"

ಗೆಳೆಯನ ಮಗಳ ಉಡುಗೊರೆಯನ್ನು ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ ಕಳೆದುಹಾಕಿದ್ದೆ; ವಸ್ತು ಮಾತ್ರ ಮೇಜಿನ ಮೇಲೇ ಇತ್ತು. ಅದಕ್ಕೇನಂತೆ, ಕಿವಿ ಇಲ್ಲವೇ ನಮಗೆ ಎಂದು ಧೈರ್ಯ ಹೇಳಿದೆ. ಇಬ್ಬರೂ ಗೋಡೆಗೆ ಮುಖ ಮಾಡಿ ಕೂತೆವು. ಕೊಟ್ರಮ್ಮ ಒಂದು ಡಬ್ಬಿಗೆ ವೈರು ಸಿಕ್ಕಿಸಿ ಹಾಡು ಹಚ್ಚುವುದು, ಆಮೇಲೆ ಇನ್ನೊಂದಕ್ಕೆ ಸಿಕ್ಕಿಸಿ ಅದೇ ಹಾಡು ಹಚ್ಚುವುದು. ಮೊದಲ ಸಲ ಕೇಳಿ ಇದು ಗಡಸು ಎಂದೆವು, ಎರಡನೆಯ ಸಲ ಆಹಾ, ಇದು ಮೃದು ಎಂದೆವು. ಒಂದೇ ಮಾತು, ಇಬ್ಬರ ಬಾಯಿಂದಲೂ. ಗೆದ್ದೆವು ಎಂದು ತಿರುಗಿದರೆ ಕೊಟ್ರಮ್ಮ ಎರಡೂ ಕೈಗೆ ಕಡಬಿನ ಹಿಟ್ಟು ಮಾಡಿಕೊಂಡು ನಿಂತಿದ್ದಳು. ಹಿಟ್ಟಿನ ಕೈಯಲ್ಲಿ ವೈರು ಮುಟ್ಟಬಾರದೆಂದು ಎರಡನೆಯ ಸಲ ಡಬ್ಬಿ ಬದಲಿಸಿರಲೇ ಇಲ್ಲವಂತೆ. ಫೋನಿನ ಮೇಲೆ ಮೊಣಕೈ ಊರಿ ಅದೇ ಹಾಡನ್ನು ಮತ್ತೆ ಹಚ್ಚಿದ್ದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಖಾಜಾ ಎದ್ದು ಹೋಗಿ ಗಾಡಿಯ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತಂದ. ಗ್ಯಾರಂಟಿ ಹೋದರೆ ಹೋಗಲಿ, ಬೋರ್ಡು ಸುಳ್ಳು ಹೇಳುವುದಿಲ್ಲ. ಎ ಇದ್ದರೆ ನನ್ನದು, ಬಿ ಇದ್ದರೆ ಶಬಾನಾಳದು. ಮೊದಲನೆಯದನ್ನು ಬಿಚ್ಚಿದ. ಬಿ. ಖಾಜಾ ಅದನ್ನು ಎದೆಗೆ ಒತ್ತಿಕೊಂಡ. ಸುಮ್ಮನೆ ನೋಡಿಬಿಡೋಣ ಎಂದು ನಾನೇ ಎರಡನೆಯದನ್ನು ಬಿಚ್ಚಿಸಿದೆ. ಅದೂ ಬಿ. ಕನ್ನಡಕ ಒರೆಸಿಕೊಂಡು ನೋಡಿದೆ, ಮೊಬೈಲಿನ ಬೆಳಕು ಬಿಟ್ಟು ನೋಡಿದೆ, ಬಿ ಎಂಬುದು ಬಿ ಆಗಿಯೇ ಉಳಿಯಿತು. ನನ್ನ ಮನೆಯಲ್ಲಿ ರಿವಿಜನ್ ಎ ಎಂಬುದು ಎಂದೂ ಇರಲೇ ಇಲ್ಲ. ಇಷ್ಟು ದಿನ ನಾನು ಮೆರೆಸಿದ ಆ ಮೃದುತ್ವ ಎಲ್ಲಿಂದ ಬಂತು? ಬೋರ್ಡಿನಲ್ಲಂತೂ ಅದಿರಲಿಲ್ಲ.

ಎರಡೂ ಒಂದೇ ಅಂದ ಮೇಲೆ ಯಾವುದನ್ನಾದರೂ ಒಯ್ಯಿ ಎಂದು ನಾನು ಹೇಳಲಾರೆ, ಅವನು ಕೇಳಲಾರ. ಕೊನೆಗೆ ಖಾಜಾ ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ. ಆಮೇಲೆ ಬಲಗೈಯಲ್ಲಿದ್ದುದನ್ನು ಟವೆಲ್ಲಿಗೆ ಸುತ್ತಿಕೊಂಡು, ಬನ್ನಿ ಕೊಟ್ಟು, ಕಡಬು ತಿಂದು ಹೋದ. ಒಂದೆರಡು ದಿನ ನಾನು ಉಳಿದ ಡಬ್ಬಿಯಲ್ಲಿ ಹಾಡು ಕೇಳಿದೆ. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗೆ. ನಾನು ಫೋನು ಮಾಡಬೇಕೆನ್ನುವಷ್ಟರಲ್ಲಿ ಅವನದೇ ಫೋನು ಬಂತು.

"ಮಾಸ್ತರ, ನಿಂದು ಇಲ್ಲಿ ಬಂದೈತಿ ನೋಡಪ. ನನ್ ಮಗಳದು ಹಿಂಗಿರಲಿಲ್ಲ."

ಭಾನುವಾರ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ತಲೆ ನರೆತ ಗಂಡಸರು ಎರಡು ಟವೆಲ್ಲಿನ ಗಂಟುಗಳನ್ನು ಮಾತಿಲ್ಲದೆ ಅದಲುಬದಲು ಮಾಡಿಕೊಂಡದ್ದನ್ನು ನೀವು ನೋಡಿದ್ದರೆ ಪೋಲೀಸರನ್ನು ಕರೆಯುತ್ತಿದ್ದಿರಿ. ಸಂಜೆ ಅವನ ಫೋನು ಬಂತು. ಈಗ ಸರಿಯಾಯಿತು, ಇದು ನನ್ನ ಮಗಳದೇ ಎಂದಾಗ ಅವನ ದನಿ ಒದ್ದೆಯಾಗಿತ್ತು. ನಾನೂ ನನ್ನದಕ್ಕೆ ವೈರು ಸಿಕ್ಕಿಸಿ ಕಣ್ಣು ಮುಚ್ಚಿದೆ. ಎರಡೂ ಒಂದೇ ಎಂದು ಕಣ್ಣಾರೆ ಕಂಡವನು ನಾನು, ಅದನ್ನು ಮರೆತಿಲ್ಲ. ಆದರೂ ಮೊದಲ ಸ್ವರ ಬಿದ್ದ ಕೂಡಲೇ ಕಣ್ಣಲ್ಲಿ ನೀರು ಬಂದು, ಬಂದೆಯಾ ಎಂದು ಬಾಯಿಬಿಟ್ಟು ಕೇಳಿಬಿಟ್ಟೆ. ಯಾರೋ ಬೀಗರು ಬಂದರೆಂದು ಕೊಟ್ರಮ್ಮ ಗಡಬಡಿಸಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಹೋಗಿ ನೋಡಿದಳು.